ಅತ್ತೆ-ಮಾವನನ್ನು ಬ್ರಿಟನ್ನಿಗೆ ಕಾಯಂ ಆಗಿ ಕರೆಸಿಕೊಳ್ಳುವುದು: ಸಮಗ್ರ ಮಾರ್ಗದರ್ಶಿ

ನಮ್ಮತ್ತೆ ಎರಡನೇ ಸಲ ಬಚ್ಚಲಲ್ಲಿ ಜಾರಿ ಬಿದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ. ರಾತ್ರಿ ಬಿದ್ದವರನ್ನು ಬೆಳಗ್ಗೆ ಹಾಲು ಕೊಡಲು ಬಂದ ಹುಡುಗ ನೋಡಿದ. ಸೊಂಟದ ಮೂಳೆ ಮುರಿದಿತ್ತು. ನಮಗೆ ಇಲ್ಲಿ ಬ್ರಿಟನ್ನಿನಲ್ಲಿ ಫೋನ್ ಬಂದಾಗ ಇನ್ನೂ ಕತ್ತಲೆ. ನಮ್ಮನೆಯವರು ಫೋನ್ ಕೆಳಗಿಟ್ಟು ಹೇಳಿದ್ದು ಒಂದೇ ಮಾತು: "ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡೋಣ."

ಆ ಮಾತಿನಿಂದ ವೀಸಾ ಕೈಗೆ ಸಿಗುವವರೆಗೆ ನಾವು ಮಾಡಿದ ತಪ್ಪುಗಳು ಒಂದೆರಡಲ್ಲ. ನಿಮ್ಮಲ್ಲಿ ಯಾರಾದರೂ ಇದೇ ದಾರಿಯಲ್ಲಿದ್ದರೆ ಆ ತಪ್ಪುಗಳು ಮತ್ತೆ ಆಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ವೀಸಾದ ಹೆಸರು ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್ ವೀಸಾ. ಚಿಕ್ಕದಾಗಿ ಎಡಿಆರ್ ಅನ್ನುತ್ತಾರೆ. 2012ರ ಜುಲೈ 9ಕ್ಕೆ ಮೊದಲು 65 ದಾಟಿದ ತಂದೆ-ತಾಯಿ ಮಕ್ಕಳ ದುಡ್ಡಿನ ಮೇಲೆ ಅವಲಂಬಿತರಾಗಿದ್ದರೆ ಹೆಚ್ಚು ಸುಲಭವಾಗಿ ಬರಬಹುದಿತ್ತು. ಆ ದಿನದಿಂದ ನಿಯಮ ಬಿಗಿಯಾಯಿತು. ಈಗ ವಯಸ್ಸಾಗಿದೆ, ಒಬ್ಬರೇ ಇದ್ದಾರೆ, ಬೇಜಾರಾಗುತ್ತದೆ ಅನ್ನುವ ಕಾರಣಗಳಷ್ಟೇ ಸಾಲುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು, ಆ ಕೈ ಊರಲ್ಲಿ ಸಿಗುತ್ತಿಲ್ಲ ಎಂದು ತೋರಿಸಬೇಕು. ಇಡೀ ಅರ್ಜಿ ನಿಂತಿರುವುದು ಈ ಎರಡರ ಮೇಲೆ.

ಸ್ಪಾನ್ಸರ್ ಯಾರು? ಸೊಸೆಯೂ ಅಲ್ಲ, ಅಳಿಯನೂ ಅಲ್ಲ

ನಾವು ಮೊದಲು ಎಡವಿದ್ದು ಇಲ್ಲೇ. ನಾನು ಆಗಲೇ ಬ್ರಿಟಿಷ್ ಪೌರಳಾಗಿದ್ದೆ. ಒಳ್ಳೆಯ ಕೆಲಸವೂ ಇತ್ತು. ಹಾಗಾಗಿ ನಾನೇ ಸ್ಪಾನ್ಸರ್, ಅಂದರೆ ಅವರನ್ನು ಕರೆಸಿಕೊಂಡು ಹೊಣೆ ಹೊರುವವಳು, ಆದರಾಯಿತು ಅಂದುಕೊಂಡೆವು. ಆದರೆ ನಿಯಮದಲ್ಲಿರುವ ಸಂಬಂಧಗಳು ಇಷ್ಟೇ: ಸ್ಪಾನ್ಸರ್‌ನ ತಂದೆ-ತಾಯಿ, ಅಜ್ಜ-ಅಜ್ಜಿ, 18 ದಾಟಿದ ಮಗ-ಮಗಳು, ಅಣ್ಣ-ತಮ್ಮ, ಅಕ್ಕ-ತಂಗಿ. ಅತ್ತೆ-ಮಾವ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮ ಅತ್ತೆಗೆ ಸ್ಪಾನ್ಸರ್ ಆಗಬೇಕಾದವರು ನಿಮ್ಮ ಗಂಡ ಅಥವಾ ಹೆಂಡತಿ, ಅಂದರೆ ಅವರ ಸ್ವಂತ ಮಗ ಅಥವಾ ಮಗಳು.

ಆ ಮಗನೋ ಮಗಳೋ ಬ್ರಿಟಿಷ್ ಅಥವಾ ಐರಿಷ್ ಪೌರರಾಗಿರಬೇಕು, ಇಲ್ಲವೇ ಐಎಲ್‌ಆರ್ (ಕಾಲಮಿತಿಯಿಲ್ಲದೆ ಇರುವ ಅನುಮತಿ) ಸಿಕ್ಕಿ ಇಲ್ಲಿ ಕಾಯಂ ಆಗಿ ನೆಲೆಸಿರಬೇಕು. ನಿರಾಶ್ರಿತರ ರಕ್ಷಣೆ ಪಡೆದವರಿಗೂ ಅವಕಾಶವಿದೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು, ಸ್ಪೌಸ್ ವೀಸಾದಲ್ಲಿ ಇರುವವರು ಸ್ಪಾನ್ಸರ್ ಆಗಲು ಬರುವುದಿಲ್ಲ. ನಮ್ಮನೆಯವರು ಆಗ ಸ್ಪೌಸ್ ವೀಸಾದಲ್ಲಿದ್ದರು. ಐದು ವರ್ಷ ತುಂಬಿ ಐಎಲ್‌ಆರ್ ಸಿಗುವವರೆಗೆ ಅವರ ತಾಯಿಗಾಗಿ ಅರ್ಜಿ ಹಾಕುವ ಹಾಗೇ ಇರಲಿಲ್ಲ. ನನ್ನ ಪಾಸ್‌ಪೋರ್ಟ್ ಇಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಮೊದಲು ನಿಮ್ಮ ಸಂಗಾತಿಯ ವೀಸಾ ನೋಡಿ. ಬೇರೆ ಎಲ್ಲ ಆಮೇಲೆ.

ಇನ್ನೊಂದು ವಿಷಯ. ಅತ್ತೆ-ಮಾವ ಇಬ್ಬರೂ ಇದ್ದರೆ ಒಬ್ಬರನ್ನು ಮಾತ್ರ ಕರೆಸಿಕೊಳ್ಳಲು ಆಗುವುದಿಲ್ಲ, ಇಬ್ಬರೂ ಒಟ್ಟಿಗೆ ಅರ್ಜಿ ಹಾಕಬೇಕು. ಸಮಾಧಾನದ ವಿಷಯ ಏನೆಂದರೆ ಆರೈಕೆ ಬೇಕು ಎಂದು ತೋರಿಸಬೇಕಾದ್ದು ಇಬ್ಬರಲ್ಲಿ ಒಬ್ಬರ ವಿಚಾರದಲ್ಲಿ ಸಾಕು. ಮಾವನಿಗೆ ಪಾರ್ಶ್ವವಾಯು ಆಗಿ, ಅತ್ತೆ ಗಟ್ಟಿಮುಟ್ಟಾಗಿದ್ದರೂ ಇಬ್ಬರಿಗೂ ದಾರಿ ಇದೆ. ಆದರೆ ಆಗ ಬೇರೆ ಪ್ರಶ್ನೆ ಏಳುತ್ತದೆ: ಅತ್ತೆಯೇ ಮಾವನನ್ನು ನೋಡಿಕೊಳ್ಳಬಹುದಲ್ಲ? ಅದಕ್ಕೆ ಉತ್ತರ ಅರ್ಜಿಯಲ್ಲೇ ಇರಬೇಕು. ಎತ್ತಿ ಕೂರಿಸುವ ಶಕ್ತಿ ಅವರಿಗಿಲ್ಲ, ಅವರಿಗೂ ಮಂಡಿನೋವು, ಹೀಗೆ ಏನಿದೆಯೋ ಅದನ್ನು ವೈದ್ಯರ ಕಾಗದದ ಸಮೇತ ಕೊಡಿ.

ಆರೈಕೆ ಬೇಕು ಎಂದು ತೋರಿಸುವುದು ಹೇಗೆ

ನಮ್ಮ ಮೊದಲ ಅರ್ಜಿಯಲ್ಲಿ ಒಂದು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಮೂರು ಸಾಲಿನ ಪತ್ರ ಇತ್ತು. "ರೋಗಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿದೆ, ಸಕ್ಕರೆ ಕಾಯಿಲೆ ಇದೆ, ಕುಟುಂಬದವರ ಜೊತೆ ಇರುವುದು ಒಳ್ಳೆಯದು." ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಬರೆದುಕೊಟ್ಟಿದ್ದರು. ಆದರೆ ಅಧಿಕಾರಿಗೆ ಬೇಕಾದದ್ದು ಕಾಯಿಲೆಯ ಹೆಸರಲ್ಲ. ಆ ಕಾಯಿಲೆಯಿಂದಾಗಿ ಈ ಮನುಷ್ಯರಿಗೆ ಏನು ಮಾಡಲು ಆಗುತ್ತಿಲ್ಲ ಎನ್ನುವುದು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಅಡುಗೆ, ಶೌಚಕ್ಕೆ ಹೋಗುವುದು, ಮಾತ್ರೆ ನುಂಗುವುದು: ಇವುಗಳ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

ಎರಡನೇ ಸಲ ಹೀಗೆ ಮಾಡಿದೆವು. ನಾನು ಒಂದು ತಿಂಗಳು ರಜೆ ಹಾಕಿ ಊರಿಗೆ ಹೋಗಿ ಅತ್ತೆಯ ಜೊತೆ ಇದ್ದೆ. ಒಂದು ನೋಟ್‌ಬುಕ್‌ನಲ್ಲಿ ದಿನಚರಿ ಬರೆದೆ, ಗಂಟೆ ಗಂಟೆಗೆ. ಒಂದು ದಿನದ್ದು ಇಲ್ಲಿದೆ:

"ಬೆಳಗ್ಗೆ 5.40: ಏಳಲು ನೋಡಿದರು. ಮಂಚದ ಅಂಚು ಹಿಡಿದು ಮೂರು ಸಲ ಪ್ರಯತ್ನಿಸಿದರು, ಆಗಲಿಲ್ಲ, ನಾನು ಎಬ್ಬಿಸಿದೆ. 6.10: ಶೌಚಕ್ಕೆ ಹೋಗುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಅವಮಾನವಾಗಿ ಅತ್ತರು. 8.00: ಬಿಪಿ ಮಾತ್ರೆ ಎರಡು ಸಲ ತೆಗೆದುಕೊಂಡರು, ಮೊದಲು ನುಂಗಿದ್ದು ನೆನಪಿಲ್ಲ. 11.30: ಹಾಲು ಕಾಯಲಿಟ್ಟು ಹಿತ್ತಲಿಗೆ ಹೋದರು. ಪಾತ್ರೆ ತಳ ಹಿಡಿದು ಹೊಗೆ ಬಂದಿತ್ತು. ಗ್ಯಾಸ್ ಉರಿಯುತ್ತಲೇ ಇತ್ತು."

ಇದನ್ನು ಬರೆಯುವುದು ಸುಲಭವಲ್ಲ. ಅಷ್ಟು ವರ್ಷ ಇಡೀ ಮನೆ ನಡೆಸಿದ ಹೆಂಗಸಿನ ಬಗ್ಗೆ ಇಂಥದ್ದೆಲ್ಲ ಬರೆಯುವಾಗ ಕೈ ನಡುಗುತ್ತದೆ. ಬರೆಯುವ ಮೊದಲು ಅವರನ್ನು ಕೇಳಿ, ಯಾಕೆ ಬರೆಯುತ್ತಿದ್ದೇವೆ ಎಂದು ತಿಳಿಸಿ ಹೇಳಿ. ನಮ್ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರೋದನ್ನೇ ಬರಿತೀಯಲ್ಲ, ಬರಿ" ಅಂದರು. ಉತ್ಪ್ರೇಕ್ಷೆ ಮಾತ್ರ ಬೇಡವೇ ಬೇಡ. ವೀಸಾ ನೋಡಿಕೊಳ್ಳುವ ಬ್ರಿಟಿಷ್ ಸರ್ಕಾರದ ಇಲಾಖೆ, ಹೋಮ್ ಆಫೀಸ್, ತಾನು ಹೇಳಿದ ವೈದ್ಯರ ಹತ್ತಿರವೇ ಪರೀಕ್ಷೆ ಮಾಡಿಸಿ ಎಂದು ಕೇಳಬಹುದು.

ದಿನಚರಿಯನ್ನು ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ವಿವರವಾದ ವರದಿ ಕೇಳಿ. ಅದರಲ್ಲಿ ಇರಬೇಕಾದವು: ಕಾಯಿಲೆಗಳು ಯಾವಾಗಿನಿಂದ ಇವೆ, ಮುಂದೆ ಸುಧಾರಿಸುವ ಸಾಧ್ಯತೆ ಇದೆಯೇ, ಯಾವ ಯಾವ ಕೆಲಸಕ್ಕೆ ಎಷ್ಟು ಸಹಾಯ ಬೇಕು, ದಿನಕ್ಕೆ ಎಷ್ಟು ಹೊತ್ತು ಬೇಕು, ರಾತ್ರಿಯೂ ಬೇಕೇ. ಬಾರ್ಥೆಲ್ ಇಂಡೆಕ್ಸ್ ಎಂಬ ಅಳತೆ ಇದೆ. ಊಟ, ಸ್ನಾನ, ನಡಿಗೆ, ಮೆಟ್ಟಿಲು ಹತ್ತುವುದು ಇಂಥ 10 ಕೆಲಸಗಳಿಗೆ ಅಂಕ ಕೊಟ್ಟು ನೂರಕ್ಕೆ ಲೆಕ್ಕ ಹಾಕುತ್ತಾರೆ. ಫಿಸಿಯೋಥೆರಪಿಸ್ಟ್‌ಗಳಿಗೂ ಇದು ಗೊತ್ತು. ಮರೆವು ಇದ್ದರೆ ನರರೋಗ ತಜ್ಞರು ಅಥವಾ ಮನೋವೈದ್ಯರ ಹತ್ತಿರ 30 ಅಂಕದ ನೆನಪಿನ ಪರೀಕ್ಷೆ ಮಾಡಿಸಿ. ಅಂಕ ನೋಡಿದರೆ ಅಧಿಕಾರಿಗೆ ಪರಿಸ್ಥಿತಿ ತಕ್ಷಣ ಅರ್ಥವಾಗುತ್ತದೆ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ಹಳೆಯ ಚೀಟಿಗಳು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಡಿ.

"ಹೋಮ್ ನರ್ಸ್ ಇಟ್ಕೊಳ್ಳಿ" ಎಂಬ ಉತ್ತರಕ್ಕೆ ಸಿದ್ಧರಾಗಿ

ನಮ್ಮ ಮೊದಲ ಅರ್ಜಿ ತಿರಸ್ಕಾರವಾದದ್ದು ಈ ಕಾರಣಕ್ಕೆ. ಮಗ ಚೆನ್ನಾಗಿ ಸಂಪಾದಿಸುತ್ತಾನೆ, ಭಾರತದಲ್ಲಿ ಹೋಮ್ ನರ್ಸ್ ಸಿಗುತ್ತಾರೆ, ವೃದ್ಧಾಶ್ರಮಗಳಿವೆ, ದುಡ್ಡು ಕಳಿಸಿ ನೋಡಿಕೊಳ್ಳಬಹುದು ಎಂದಿದ್ದರು. ನಿಯಮವೂ ಹಾಗೇ ಇದೆ: ಸ್ಪಾನ್ಸರ್‌ನ ದುಡ್ಡು ಮತ್ತು ಸಹಾಯ ಇದ್ದರೂ ಬೇಕಾದ ಮಟ್ಟದ ಆರೈಕೆ ಆ ದೇಶದಲ್ಲಿ ಸಿಗುವುದಿಲ್ಲ, ಅಥವಾ ಅದರ ಖರ್ಚು ಭರಿಸಲು ಆಗುವುದಿಲ್ಲ ಎಂದು ತೋರಿಸಬೇಕು. ಇಲ್ಲಿ ಚೆನ್ನಾಗಿ ಸಂಪಾದಿಸುವವರಿಗೆ ಖರ್ಚಿನ ಕಾರಣ ನಿಲ್ಲುವುದು ಬಹಳ ಕಷ್ಟ. ಹಾಗಾಗಿ ಹೆಚ್ಚಿನವರ ಅರ್ಜಿ "ಸಿಗುವುದಿಲ್ಲ" ಎನ್ನುವುದರ ಮೇಲೆ ನಿಲ್ಲುತ್ತದೆ.

ಸಿಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಹುಡುಕಿದ್ದನ್ನು ತೋರಿಸಿ. ನಾವು ಊರಿನ ಹತ್ತಿರದ ಹೋಮ್ ನರ್ಸ್ ಏಜೆನ್ಸಿಗಳಿಗೆಲ್ಲ ಇಮೇಲ್ ಮಾಡಿದೆವು. ಮರೆವು ಇರುವವರಿಗೆ ರಾತ್ರಿ-ಹಗಲು ತರಬೇತಿ ಪಡೆದ ಹೆಂಗಸು ಬೇಕು ಎಂದು ಕೇಳಿದೆವು. ಕೆಲವರು ಆ ಹಳ್ಳಿಗೆ ಕಳಿಸುವುದಿಲ್ಲ ಅಂದರು. ಒಬ್ಬರು ಕಳಿಸಿದ ಹುಡುಗಿ ಒಂಬತ್ತೇ ದಿನಕ್ಕೆ ಹೊರಟುಹೋದಳು. ಆ ಇಮೇಲ್‌ಗಳು, ದುಡ್ಡು ಕಟ್ಟಿದ ರಸೀದಿ, ಬಿಟ್ಟುಹೋದ ತಾರೀಖು ಎಲ್ಲವನ್ನೂ ಅರ್ಜಿಗೆ ಸೇರಿಸಿದೆವು. ವೃದ್ಧಾಶ್ರಮಗಳಿಗೂ ಬರೆದು ಕೇಳಿ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುವ ಆಶ್ರಮಗಳಿವೆ. ಹಾಗಂತ ಪತ್ರ ಕೊಟ್ಟರೆ ಅದು ಬಲವಾದ ಪುರಾವೆ. ಮೊದಲು ದುಡ್ಡು ಕೊಟ್ಟು ಆರೈಕೆ ಮಾಡಿಸಿದ್ದು ಈಗ ನಿಂತಿದ್ದರೆ ಯಾಕೆ ನಿಂತಿತು ಎಂದು ದಾಖಲೆ ಸಮೇತ ವಿವರಿಸಿ.

ಸಾಧ್ಯವಾದರೆ ತಾಲ್ಲೂಕು ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ ಒಂದು ಪತ್ರ ತೆಗೆದುಕೊಳ್ಳಿ: ಈ ಭಾಗದಲ್ಲಿ ಇಂಥ ದೀರ್ಘಕಾಲದ ಆರೈಕೆಯ ವ್ಯವಸ್ಥೆ ಇಲ್ಲ ಅಂತ. ಸ್ಥಳೀಯ ಆರೋಗ್ಯಾಧಿಕಾರಿಗಳ ಮಾತಿಗೆ ತೂಕ ಜಾಸ್ತಿ.

ಇನ್ನು ಮನಸ್ಸಿನ ವಿಚಾರ. 2017ರಲ್ಲಿ ಬ್ರಿಟ್‌ಸಿಟ್ಸ್ ಎಂಬ ಸಂಘಟನೆಯ ಪ್ರಕರಣದಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ತೀರ್ಪು ಕೊಟ್ಟಿತು. ನಿಯಮವನ್ನು ಕೋರ್ಟ್ ತೆಗೆದುಹಾಕಲಿಲ್ಲ. ಆದರೆ ಆರೈಕೆ ಅಂದರೆ ದೇಹದ್ದು ಮಾತ್ರವಲ್ಲ, ವೈದ್ಯಕೀಯ ಪುರಾವೆ ಇದ್ದರೆ ಮಾನಸಿಕ ಮತ್ತು ಭಾವನಾತ್ಮಕ ಅಗತ್ಯಗಳನ್ನೂ ನೋಡಬೇಕು ಎಂದಿತು. ಇದು ನಮ್ಮ ಎರಡನೇ ಅರ್ಜಿಗೆ ತುಂಬಾ ಸಹಾಯವಾಯಿತು. ನಮ್ಮತ್ತೆ ಹೊರಗಿನವರಿಂದ ಸ್ನಾನ ಮಾಡಿಸಿಕೊಳ್ಳುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಕೂಗಾಡುತ್ತಿದ್ದರು. ಮಗನ ದನಿ ಫೋನ್‌ನಲ್ಲಿ ಕೇಳಿದರೆ ಸುಮ್ಮನಾಗುತ್ತಿದ್ದರು. ಮನೋವೈದ್ಯರು ಎರಡು ಸಲ ನೋಡಿ, ಇದನ್ನೇ ತಮ್ಮ ವರದಿಯಲ್ಲಿ ಬರೆದರು. ಅದು ಹಟವಲ್ಲ, ಮರೆವಿನ ಕಾಯಿಲೆಯ ಭಾಗ ಎಂದರು.

ಊರಲ್ಲಿರುವ ಉಳಿದ ಮಕ್ಕಳ ಬಗ್ಗೆಯೂ ಕೇಳುತ್ತಾರೆ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದರೆ ಸಂಬಂಧಕ್ಕೆ ಒಳ್ಳೆಯ ದಾಖಲೆ ಸಿಗುತ್ತದೆ. ಆದರೆ ಅದರಲ್ಲಿ ಎಲ್ಲ ಮಕ್ಕಳ ಹೆಸರೂ ಇರುತ್ತದೆ. ಒಬ್ಬೊಬ್ಬರೂ ಯಾಕೆ ನೋಡಿಕೊಳ್ಳಲು ಆಗುವುದಿಲ್ಲ ಎಂದು ಅವರವರ ಸಹಿಯ ಪತ್ರ ಬೇಕು. ನಮ್ಮ ನಾದಿನಿ ಇರುವುದು ಇನ್ನೊಂದು ರಾಜ್ಯದಲ್ಲಿ. ಅವಳ ಅತ್ತೆಯೂ ಹಾಸಿಗೆ ಹಿಡಿದಿದ್ದಾರೆ. ಅದನ್ನೇ ಬರೆದು, ಆ ಅತ್ತೆಯ ಆಸ್ಪತ್ರೆ ಕಾಗದವನ್ನು ಅವರ ಒಪ್ಪಿಗೆ ಪಡೆದು ಸೇರಿಸಿದಳು. ಒಬ್ಬರ ಹೆಸರು ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಉಳಿದದ್ದನ್ನೂ ಅಧಿಕಾರಿ ನಂಬುವುದಿಲ್ಲ.

ದುಡ್ಡು ಮತ್ತು ಮನೆ

ಸ್ಪೌಸ್ ವೀಸಾಗೆ ಇರುವ 29,000 ಪೌಂಡ್ ಸಂಬಳದ ನಿಯಮ ಇದಕ್ಕಿಲ್ಲ. ಇಲ್ಲಿ ನೋಡುವುದು ಮನೆ ಬಾಡಿಗೆ ಅಥವಾ ಸಾಲದ ಕಂತು ಕಳೆದ ಮೇಲೆ ಉಳಿಯುವ ದುಡ್ಡು. ಅಷ್ಟೇ ಜನರ ಕುಟುಂಬಕ್ಕೆ ಸರ್ಕಾರ ಇನ್‌ಕಂ ಸಪೋರ್ಟ್ ಎಂದು ಕೊಡುತ್ತಿದ್ದ ಮೊತ್ತಕ್ಕಿಂತ ಅದು ಕಡಿಮೆ ಇರಬಾರದು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಉಳಿತಾಯ ಎಲ್ಲವನ್ನೂ ಕೊಡಿ. ಸೊಸೆ ಅಥವಾ ಅಳಿಯನ ಸಂಬಳದ ದಾಖಲೆಗಳನ್ನೂ ಸೇರಿಸಿ. ಸ್ಪಾನ್ಸರ್ ಆಗಲು ಬರದಿದ್ದರೂ ಮನೆ ನಡೆಯುವುದು ಇಬ್ಬರ ದುಡ್ಡಿನಲ್ಲಿ ತಾನೇ.

ಅವರಿಗೆ ಇರಲು ಜಾಗ ಇದೆ ಎಂದು ತೋರಿಸಬೇಕು. ಇಲ್ಲಿಗೆ ಬಂದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಬರೆಯಿರಿ. ಇದನ್ನು ಮರೆಯುವವರು ಜಾಸ್ತಿ. ಇಬ್ಬರೂ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಅತ್ತೆಯ ಜೊತೆ ಯಾರಿರುತ್ತಾರೆ? ನಾನು ವಾರಕ್ಕೆ ಮೂರು ದಿನ ಮಾತ್ರ ಕೆಲಸ ಎಂದು ಬದಲಿಸಿಕೊಂಡು, ಆಫೀಸಿನಿಂದ ಪತ್ರ ತಂದೆ.

ಸ್ಪಾನ್ಸರ್ ಐದು ವರ್ಷದ ಮುಚ್ಚಳಿಕೆಗೆ ಸಹಿ ಹಾಕಬೇಕು. ಊಟ, ವಸತಿ, ಆರೈಕೆ ಎಲ್ಲವೂ ನನ್ನ ಹೊಣೆ, ಸರ್ಕಾರದ ಭತ್ಯೆ ಕೇಳುವುದಿಲ್ಲ ಅಂತ. ಗಂಡ-ಹೆಂಡತಿ ಇಬ್ಬರೂ ಕೂತು ಮಾತಾಡಿ ಆಮೇಲೆ ಸಹಿ ಹಾಕಿ. ಸಹಿ ಮಗನದ್ದು, ಆದರೆ ಹೊಣೆ ಮನೆಯವರೆಲ್ಲರದ್ದು.

ಹೆಸರಿನ ಗೋಳು

ನಮ್ಮ ಕಡೆಯವರಿಗೆ ಇದು ತಪ್ಪಿದ್ದಲ್ಲ. ಮಗನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಜಯಮ್ಮ. ಆಧಾರ್‌ನಲ್ಲಿ ಜಯಲಕ್ಷ್ಮಮ್ಮ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೇ ಸರ್‌ನೇಮ್ ಆಗಿರುತ್ತದೆ. ಇದು ಬರೀ ಉದಾಹರಣೆ, ಆದರೆ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ಅರ್ಜಿಗೆ ಆರು ತಿಂಗಳ ಮೊದಲೇ ಎಲ್ಲ ಕಾಗದ ಒಂದು ಕಡೆ ಹರಡಿ ಹೆಸರು ಮತ್ತು ಹುಟ್ಟಿದ ತಾರೀಖು ಹೋಲಿಸಿ ನೋಡಿ. ತಿದ್ದಿಸಲು ಆಗುವುದನ್ನು ತಿದ್ದಿಸಿ. ಆಗದಿದ್ದಕ್ಕೆ ಎರಡೂ ಹೆಸರು ಒಬ್ಬರದ್ದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಹಳೆಯ ರೇಷನ್ ಕಾರ್ಡ್ ಕೂಡ ಸಂಬಂಧಕ್ಕೆ ಪುರಾವೆ. ಮಾವ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕೇ ಬೇಕು.

ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಇರಬೇಕು. ಅನುವಾದ ಸರಿಯಾಗಿದೆ ಎಂಬ ಮಾತು, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕ ವಿವರ ಅದರಲ್ಲಿರಬೇಕು. ನೀವೇ ಅನುವಾದ ಮಾಡಬೇಡಿ.

ಅರ್ಜಿ ಹಾಕುವ ದಿನ

ಅರ್ಜಿಯನ್ನು ಬ್ರಿಟನ್ನಿನ ಹೊರಗಿನಿಂದಲೇ ಹಾಕಬೇಕು. ವಿಸಿಟರ್ ವೀಸಾದಲ್ಲಿ ಕರೆಸಿಕೊಂಡು ಇಲ್ಲಿಂದಲೇ ಬದಲಿಸಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದಕ್ಕೆ ದಾರಿಯಿಲ್ಲ. ಅವಧಿ ಮೀರಿ ಉಳಿದರೆ ಮುಂದಿನ ಅರ್ಜಿಗೂ ಪೆಟ್ಟು.

ಮೊದಲು ಟಿಬಿ ಪರೀಕ್ಷೆ. ಹೋಮ್ ಆಫೀಸ್ ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಬೇರೆ ಕಡೆಯ ಎಕ್ಸ್‌ರೇ ನಡೆಯುವುದಿಲ್ಲ. ಪ್ರಮಾಣಪತ್ರ ಆರು ತಿಂಗಳಿಗೆ ಮಾತ್ರ, ಹಾಗಾಗಿ ಉಳಿದ ಕಾಗದವೆಲ್ಲ ಸಿದ್ಧವಾದ ಮೇಲೆ ಮಾಡಿಸಿ. ಆಮೇಲೆ ಬ್ರಿಟಿಷ್ ಸರ್ಕಾರದ ವೆಬ್‌ಸೈಟ್‌ನಲ್ಲಿ ಫಾರಂ ತುಂಬಿ ಶುಲ್ಕ ಕಟ್ಟುವುದು. 2025ರ ಏಪ್ರಿಲ್‌ನಲ್ಲಿ ಅದು ಒಬ್ಬರಿಗೆ 3,413 ಪೌಂಡ್ ಆಯಿತು. ಇದು ಆಗಾಗ ಏರುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ. ತಿರಸ್ಕಾರವಾದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಸ್ಪಾನ್ಸರ್ ಬ್ರಿಟಿಷ್ ಪೌರ ಅಥವಾ ಐಎಲ್‌ಆರ್ ಇರುವವರಾದರೆ ಆರೋಗ್ಯದ ಹೆಚ್ಚುವರಿ ಶುಲ್ಕ ಕಟ್ಟಬೇಕಿಲ್ಲ. ಇಂಗ್ಲಿಷ್ ಪರೀಕ್ಷೆಯೂ ಇಲ್ಲ.

ಬೆರಳಚ್ಚು ಮತ್ತು ಫೋಟೋಗೆ ಬೆಂಗಳೂರಿನ ವಿಎಫ್‌ಎಸ್ ಎಂಬ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬಹುದು. ಓಡಾಡಲು ಆಗದವರ ಮನೆಗೇ ಬರುವ ಸೇವೆಗೆ ಬೇರೆ ದುಡ್ಡು ಕಟ್ಟಬೇಕು. ನಮ್ಮತ್ತೆಯನ್ನು ಕಾರಿನಲ್ಲಿ ಹಿಂದೆ ದಿಂಬು ಕಟ್ಟಿ ಕೂರಿಸಿಕೊಂಡು ಹೋದೆವು. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಮೂರು ನಾಲ್ಕು ಸಲ ಒತ್ತಿಸುತ್ತಾರೆ. ಹಿಂದಿನ ರಾತ್ರಿಯೇ ಕೈಗೆ ಸ್ವಲ್ಪ ಎಣ್ಣೆ ಹಚ್ಚಿ, ಬೆಳಗ್ಗೆ ಚೆನ್ನಾಗಿ ತೊಳೆದು ಕರೆದುಕೊಂಡು ಹೋಗಿ.

ಸ್ಪಾನ್ಸರ್ ಒಂದು ಪತ್ರ ಬರೆಯಬೇಕು. ಪ್ರೀತಿಯ ಬಗ್ಗೆ ಎರಡು ಸಾಲು ಸಾಕು. ಉಳಿದದ್ದು ಯಾವ ಪುರಾವೆ ಯಾವ ಪುಟದಲ್ಲಿದೆ, ಅದು ಏನನ್ನು ತೋರಿಸುತ್ತದೆ ಎನ್ನುವ ವಿವರವಾಗಿರಲಿ. ನೂರಾರು ಪುಟ ಓದುವ ಅಧಿಕಾರಿಗೆ ಅದು ದಾರಿ ತೋರಿಸುತ್ತದೆ.

ವಕೀಲರ ಸಹಾಯ ಬೇಕೇ? ಈ ವೀಸಾದ ಮಟ್ಟಿಗೆ ಬೇಕು ಅನ್ನುವುದು ನನ್ನ ಅಭಿಪ್ರಾಯ, ಕೊನೇಪಕ್ಷ ಕಾಗದ ಒಮ್ಮೆ ತೋರಿಸುವಷ್ಟಾದರೂ. ಆದರೆ ಅವರು ಬ್ರಿಟನ್ನಿನ ಸಾಲಿಸಿಟರ್ ಆಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಣಿ ಇರಬೇಕು. ವೀಸಾ ಗ್ಯಾರಂಟಿ ಎನ್ನುವವರ ಹತ್ತಿರ ಹೋಗಬೇಡಿ.

ತಿರಸ್ಕಾರವಾದರೆ

ಪತ್ರವನ್ನು ಅವತ್ತೇ ಓದಬೇಡಿ ಅಂದರೂ ನೀವು ಓದುತ್ತೀರಿ. ಓದಿ, ಎತ್ತಿಟ್ಟು, ಮರುದಿನ ಇಬ್ಬರೂ ಕೂತು ಮತ್ತೆ ಓದಿ. ಪ್ರತಿ ಕಾರಣದ ಪಕ್ಕದಲ್ಲಿ ನಮ್ಮ ಹತ್ತಿರ ಏನಿತ್ತು, ಏನು ಇರಲಿಲ್ಲ ಎಂದು ಬರೆದುಕೊಳ್ಳಿ.

ಕುಟುಂಬ ಜೀವನದ ಹಕ್ಕಿನ ಆಧಾರದ ಮೇಲೆ ಮೇಲ್ಮನವಿ ಹಾಕಬಹುದು. ಹೊರದೇಶದಲ್ಲಿರುವ ಅರ್ಜಿದಾರರಿಗೆ ನಿರ್ಧಾರ ಕೈಸೇರಿದ ಮೇಲೆ 28 ದಿನ ಸಮಯ. ಕಾಗದ ನೋಡಿ ತೀರ್ಮಾನಿಸಲು 80 ಪೌಂಡ್, ವಿಚಾರಣೆ ಬೇಕಾದರೆ 140. ವಿಚಾರಣೆಯನ್ನೇ ಕೇಳಿ. ಮಗ ನ್ಯಾಯಾಧೀಶರ ಮುಂದೆ ಕೂತು ಹೇಳುವುದಕ್ಕೂ ಕಾಗದದಲ್ಲಿ ಓದುವುದಕ್ಕೂ ವ್ಯತ್ಯಾಸವಿದೆ. ಪುರಾವೆ ಗಟ್ಟಿ ಇದ್ದು ಅಧಿಕಾರಿ ಸರಿಯಾಗಿ ನೋಡಿಲ್ಲ ಅನ್ನಿಸಿದರೆ ಮೇಲ್ಮನವಿ. ಪುರಾವೆಯೇ ತೆಳ್ಳಗಿದ್ದರೆ ಹೊಸ ಅರ್ಜಿ. ನಮ್ಮದು ತೆಳ್ಳಗಿತ್ತು. ಹಾಗಾಗಿ ಎಂಟು ತಿಂಗಳು ತೆಗೆದುಕೊಂಡು ಹೊಸದಾಗಿ ಹಾಕಿದೆವು.

ಈ ನಡುವೆ ವಿಸಿಟರ್ ವೀಸಾದಲ್ಲಿ ಬಂದು ಹೋಗುವುದು ಕೆಲವರಿಗೆ ಸಾಧ್ಯ. ಒಮ್ಮೆ ಬಂದರೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಆದರೆ ವಾಪಸ್ ಹೋಗುವ ಉದ್ದೇಶ ನಿಜವಾಗಿಯೂ ಇರಬೇಕು.

ಬಂದ ಮೇಲೆ

ಸ್ಪಾನ್ಸರ್ ಕಾಯಂ ನಿವಾಸಿಯಾಗಿದ್ದರೆ ಅತ್ತೆ-ಮಾವನಿಗೂ ಬಂದ ದಿನದಿಂದಲೇ ಕಾಯಂ ನಿವಾಸ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಚಿಕಿತ್ಸೆ ಸಿಗುತ್ತದೆ. ಸತತ ಎರಡು ವರ್ಷಕ್ಕಿಂತ ಹೆಚ್ಚು ಹೊರಗೆ ಉಳಿದರೆ ಈ ಹಕ್ಕು ಹೋಗುತ್ತದೆ. ಊರಿಗೆ ಹೋದಾಗ ಇದು ನೆನಪಿರಲಿ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವುದಾದರೆ 65 ದಾಟಿದವರಿಗೆ ಇಂಗ್ಲಿಷ್ ಪರೀಕ್ಷೆಯಿಂದಲೂ ಬ್ರಿಟನ್ನಿನ ಜೀವನದ ಬಗ್ಗೆ ಕೇಳುವ ಲೈಫ್ ಇನ್ ದಿ ಯುಕೆ ಪರೀಕ್ಷೆಯಿಂದಲೂ ವಿನಾಯಿತಿ ಇದೆ.

ಬಂದ ವಾರದಲ್ಲೇ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಕಾಯಿಲೆಗಳನ್ನು ನೋಡುವ ಡಾಕ್ಟರ, ಹತ್ತಿರ ಹೆಸರು ನೋಂದಾಯಿಸಿ. ಊರಿನಿಂದ ಮೂರು ತಿಂಗಳ ಮಾತ್ರೆ, ಡಾಕ್ಟರ ಚೀಟಿ, ಔಷಧಿಯ ಮೂಲ ಹೆಸರುಗಳ ಪಟ್ಟಿ ತನ್ನಿ. ನಮ್ಮೂರಿನ ಕಂಪನಿ ಹೆಸರುಗಳು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬಚ್ಚಲಲ್ಲಿ ಹಿಡಿಕೆ, ಕೂತು ಸ್ನಾನ ಮಾಡುವ ಸ್ಟೂಲ್, ಜಾರದ ಚಾಪೆ, ಇವು ಅವರು ವಿಮಾನ ಹತ್ತುವ ಮೊದಲೇ ಮನೆಯಲ್ಲಿರಲಿ. ನಮ್ಮತ್ತೆ ಬಂದ ಮೊದಲ ಬೆಳಗ್ಗೆ ಆ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿದರು, ಗಟ್ಟಿ ಇದೆಯಾ ಅಂತ. ಆಮೇಲೆ ಮಗನನ್ನು ಕರೆದು ಬಿಸಿನೀರು ಬಿಡು ಅಂದರು.